ಬೀಗ ಮೊದಲೇ ಹಾಕಬೇಕಿತ್ತು

ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ, ಆಬ್ಜೆಕ್ಟ್‌ಗಳು (ದತ್ತಾಂಶದ ಗಂಟುಗಳು) ತಮ್ಮ ಗುಣಗಳನ್ನು ಎರವಲು ಪಡೆಯುವ ಮೂಲ ಅಚ್ಚುಗಳಾದ ಪ್ರೋಟೋಟೈಪ್‌ಗಳನ್ನು ಯಾರು ಬೇಕಾದರೂ ತಿದ್ದಬಹುದು ಅನ್ನೋ ಜಾವಾಸ್ಕ್ರಿಪ್ಟ್‌ನ ಧಾರಾಳತನ ನನಗೆ ಹಿಡಿಸಿದ್ದೇ ಇಲ್ಲ. ಇಲ್ಲಿ ಕಲಬುರಗಿಯಲ್ಲಿ ನನ್ನ ಹತ್ತಿರ ಕೋಡಿಂಗ್ ಕಲಿಯುವ ಹುಡುಗನೊಬ್ಬ ಪ್ರೋಟೋಟೈಪ್ ತಿದ್ದಿ ಎಲ್ಲಾ ಅರೇಗಳಿಗೂ (ಸಾಲಾಗಿ ಇಟ್ಟ ದತ್ತಾಂಶದ ಪಟ್ಟಿಗಳು) ತನ್ನದೊಂದು ಮೆಥಡ್ (ಅವುಗಳ ಮೇಲೆ ಕರೆಯುವ ಫಂಕ್ಷನ್) ಸೇರಿಸಿ, "ಕೆಲ್ಸ ಮಾಡ್ಲಿಕತ್ತದರಿ ಸರ್, ಇದ್ರಾಗ ತಪ್ಪೇನದ?" ಅಂದ. ಕೆಲಸ ಮಾಡುತ್ತದೆ, ಅದೇ ತೊಂದರೆ.

ಬೀದರ್‌ನ ನೌಬಾದ್ ಕಡೆ ಹೋದವರು ಸುರಂಗ ಬಾವಿ ನೋಡಿರುತ್ತೀರಿ. ಬಹಮನಿಯರ ಕಾಲದ್ದು. ನೆಲದಡಿ ಒಂದೇ ನೀರಿನ ದಾರಿ, ಅದರ ಮೇಲೆ ಸಾಲಾಗಿ ಬಾವಿಗಳು. ಮೇಲಿನ ಬಾವಿಗೆ ಏನು ಬಿದ್ದರೂ ಕೆಳಗಿನವರ ಕೊಡಕ್ಕೂ ಬರುತ್ತದೆ. ಪ್ರೋಟೋಟೈಪ್ ಸರಪಳಿಯೂ ಹಾಗೇ, ತನ್ನಲ್ಲಿ ಇಲ್ಲದ್ದನ್ನು ಆಬ್ಜೆಕ್ಟ್ ತನ್ನ ಮೇಲಿನ ಪ್ರೋಟೋಟೈಪ್‌ನಲ್ಲಿ ಹುಡುಕುತ್ತದೆ. ಹೊರಗಿನಿಂದ ಬಂದ ಜೇಸನ್ (JSON, ದತ್ತಾಂಶ ಕಳಿಸುವ ಪಠ್ಯರೂಪ) ಅನ್ನು ಪರೀಕ್ಷಿಸದೆ ನಮ್ಮ ಆಬ್ಜೆಕ್ಟ್‌ಗೆ ಮರ್ಜ್ ಮಾಡಿದರೆ ದಾಳಿಕೋರ ನೇರ ಮೇಲಿನ ಬಾವಿಗೇ ಕೈ ಹಾಕಬಹುದು. 2019ರಲ್ಲಿ ಲೊಡ್ಯಾಶ್‌ನಂಥ ಲೈಬ್ರರಿಯಲ್ಲೇ (ಸಿದ್ಧ ಕೋಡ್‌ನ ಸಂಗ್ರಹ) ಇಂಥ ದೋಷ ಸಿಕ್ಕಿತ್ತು.

ಭಾಷೆ ಬೆಳೆಸುವವರಿಗೂ ಇದು ತಲೆನೋವೇ. 2018ರಲ್ಲಿ ಅರೇಗೆ ಫ್ಲಾಟನ್ (ಒಳಗಿನ ಅರೇಗಳನ್ನು ಬಿಚ್ಚಿ ಒಂದೇ ಸಾಲು ಮಾಡುವ) ಎಂಬ ಮೆಥಡ್ ಕೊಡಲು ಹೊರಟರೆ, ಹಳೆಯ ಮೂಟೂಲ್ಸ್ ಲೈಬ್ರರಿ ಅದೇ ಹೆಸರನ್ನು ಮೊದಲೇ ಪ್ರೋಟೋಟೈಪ್‌ಗೆ ಅಂಟಿಸಿತ್ತು, ಅದನ್ನು ನಂಬಿದ್ದ ಸೈಟ್ ಮುರಿಯಿತು. ಸ್ಮೂಶ್ ಅಂತ ಹೆಸರಿಡೋಣ ಅನ್ನೋ ತಮಾಷೆಯೂ ಆಯ್ತು. ಕೊನೆಗೆ ಫ್ಲಾಟ್ ಅಂತ ಇಟ್ಟು 2019ರ ಆವೃತ್ತಿಗೆ ಸೇರಿಸಿದರು. ಯಾರೋ ಎಂದೋ ಹಾಕಿದ ಪ್ಯಾಚ್, ಇವತ್ತಿನ ಹೆಸರನ್ನೇ ಬದಲಿಸಿತು ನೋಡಿ.

ಹಾಗಾದರೆ ಪ್ರೋಟೋಟೈಪನ್ನೇ ಫ್ರೀಜ್ ಮಾಡಿಬಿಡಿ, ಅಂದರೆ ಯಾರೂ ತಿದ್ದದಂತೆ ಬೀಗ ಹಾಕಿಬಿಡಿ, 2009ರಿಂದಲೇ ಆ ಸೌಲಭ್ಯ ಇದೆ ಅಲ್ವಾ? ಇದೆ, ಆದರೆ ತಡವಾಗಿ ಹಾಕಿದ ಬೀಗ ಮನೆಯವರನ್ನೂ ಹೊರಗೆ ನಿಲ್ಲಿಸುತ್ತದೆ. ಆಬ್ಜೆಕ್ಟ್‌ನ ಪ್ರೋಟೋಟೈಪ್ ಫ್ರೀಜ್ ಮಾಡಿದ ಮೇಲೆ, ನಿಮ್ಮದೇ ಬೇರೆ ಆಬ್ಜೆಕ್ಟ್‌ಗೆ ಮೇಲಿನದರಲ್ಲೂ ಇರುವ ಟೂಸ್ಟ್ರಿಂಗ್ ಎಂಬ ಮೆಥಡ್ ಅನ್ನು ಸಾದಾ ಅಸೈನ್ಮೆಂಟ್‌ನಿಂದ ಕೊಡಲು ಹೋದರೆ ಆಗುವುದಿಲ್ಲ, ಯಾಕಂದ್ರೆ ಮೇಲಿನದು ಓದಲಿಕ್ಕಷ್ಟೇ ಇದ್ದರೆ ಕೆಳಗೂ ಬರೆಯಬಾರದು ಅನ್ನೋದು ಈ ಭಾಷೆಯ ನಿಯಮ. ಕಟ್ಟುನಿಟ್ಟಿನ ಬಗೆಯಾದ ಸ್ಟ್ರಿಕ್ಟ್ ಮೋಡ್‌ನಲ್ಲಿ ಎರರ್ ಬರುತ್ತದೆ. ಇಲ್ಲದಿದ್ದರೆ ಸುಮ್ನೆ ಕೂರುತ್ತದೆ, ಅದು ಇನ್ನೂ ಕೆಟ್ಟದ್ದು. ಆ ಮೆಥಡ್ ಅನ್ನು ಕ್ಲಾಸ್ (ಆಬ್ಜೆಕ್ಟ್ ತಯಾರಿಸುವ ನಕ್ಷೆ) ಒಳಗೆ ಬರೆದರೆ ಪರವಾಗಿಲ್ಲ.

ಇನ್ನೊಂದು ಭಾಷೆ ಪೈಥಾನ್ ಮೊದಲೇ ಬಾಗಿಲು ಹಾಕಿದೆ. ಲಿಸ್ಟ್ ಟೈಪ್‌ಗೇ ಮೆಥಡ್ ಅಂಟಿಸಲು ಹೋದರೆ ನೇರ ಟೈಪ್ ಎರರ್. ಬೇಕಿದ್ದರೆ ಸಬ್‌ಕ್ಲಾಸ್ (ಅದರಿಂದ ಹುಟ್ಟುವ ನಿನ್ನದೇ ಟೈಪ್) ಮಾಡಿಕೋ ಅನ್ನುತ್ತದೆ. ರೂಬಿ ಭಾಷೆ ಬಾಗಿಲು ತೆರೆದೇ ಬಿಟ್ಟಿತ್ತು, ಆಮೇಲೆ 2013ರ 2.0 ಆವೃತ್ತಿಯಲ್ಲಿ ರಿಫೈನ್‌ಮೆಂಟ್ಸ್ ತಂದು, ಬದಲಾವಣೆ ಅದನ್ನು ಕೇಳಿಕೊಂಡ ಕೋಡ್‌ಗೆ ಮಾತ್ರ ಕಾಣುವ ದಾರಿ ಮಾಡಿತು. ನನಗೆ ಇಷ್ಟವಾದದ್ದು ಇದೇ.

ಆ ಹುಡುಗನಿಗೆ ಹೇಳಿದ್ದು ಇಷ್ಟೇ: ಅದನ್ನು ಸಾದಾ ಫಂಕ್ಷನ್ ಮಾಡು, ಅರೇಯನ್ನು ಒಳಗೆ ಕೊಡು. ಬಳಕೆದಾರರು ಕೊಟ್ಟ ಕೀಗಳನ್ನು (ಹೆಸರುಗಳನ್ನು) ಇಡಲು ಸಾದಾ ಆಬ್ಜೆಕ್ಟ್ ಬದಲು ಮ್ಯಾಪ್ (ಕೀ ಮತ್ತು ಅದರ ಬೆಲೆಯ ಜೋಡಿಗಳನ್ನು ಬೇರೆಯೇ ಇಡುವ ರಚನೆ) ತಗೋ.