ಮಟ್ಟಾಂಚೇರಿಯಲ್ಲಿ ಒಂದು ಹೊರಕೋಣೆ

ಕೊಚ್ಚಿಯ ಮಟ್ಟಾಂಚೇರಿಗೆ ಹೋಗುವವರು ಶುಕ್ರವಾರ, ಶನಿವಾರಗಳನ್ನು ಬಿಟ್ಟು ಹೋಗಿ. ಶುಕ್ರವಾರ ಅರಮನೆಯ ವಸ್ತುಸಂಗ್ರಹಾಲಯಕ್ಕೆ ರಜೆ. ಪಕ್ಕದ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ, ಅಂದು ಮಧ್ಯಾಹ್ನ ಮುಚ್ಚಿದರೆ ಮತ್ತೆ ತೆರೆಯುವುದು ಭಾನುವಾರವೇ. "ದಿನವೂ ತೆರೆದಿರುತ್ತದೆ" ಎಂದ ವಸತಿಗೃಹದವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಭಾನುವಾರ ಚಪ್ಪಲಿ ಕಳಚಿಟ್ಟು ಒಳಗೆ ಹೋದೆವು. 1568ರ ಪ್ರಾರ್ಥನಾಮಂದಿರ. 18ನೆಯ ಶತಮಾನದಲ್ಲಿ ಚೀನಾದಿಂದ ಬಂದ ನೀಲಿ-ಬಿಳಿ ಹಂಚುಗಳು ಬರಿಗಾಲಿಗೆ ತಣ್ಣಗಿದ್ದವು. ಕೈಯಲ್ಲಿ ಚಿತ್ರಿಸಿದ್ದರಿಂದ ಒಂದರಂತೆ ಇನ್ನೊಂದಿಲ್ಲ. ಮೇಲೆ ಗಾಜಿನ ದೀಪಗೊಂಚಲುಗಳು. ಕಣ್ತುಂಬ ನೋಡಿ ಹೊರಬಂದೆವು.

ಬೀದಿಯ ಹಳೆಯ ಸಾಮಾನಿನ ಅಂಗಡಿಗಳು ನನಗೆ ಹಿಡಿಸಲಿಲ್ಲ. ಹೊಸ ಹಿತ್ತಾಳೆಗೆ ಹಳೆಯ ಬೆಲೆ. ಕಾಳುಮೆಣಸು ಕೊಳ್ಳಲು ನಿಂತಾಗ ನಮ್ಮ ಕೊಂಕಣಿ ಕೇಳಿ ಅಂಗಡಿಯ ಹಿರಿಯರ ಮುಖ ಅರಳಿತು. ಅವರದೂ ಕೊಂಕಣಿ, ಮಟ್ಟಾಂಚೇರಿಯಲ್ಲಿ ಕೊಂಕಣಿಗರು ತಲೆಮಾರುಗಳಿಂದ ಇದ್ದಾರೆ.

"ಹಂಚು ನೋಡಿದಿರಿ. ಅದಕ್ಕೂ ಮೊದಲು ದಾಟಿದ ಕೋಣೆಯನ್ನು ನೋಡಿದಿರಾ?"

"ಅಲ್ಲೇನಿದೆ ಮಾಮಾ?"

"ಸೇಲಂ ವಕೀಲರ ಜನ ಕೂರುತ್ತಿದ್ದದ್ದು ಅಲ್ಲೇ. ಒಳಗೆ ಬಿಡುತ್ತಿರಲಿಲ್ಲ."

ಎ.ಬಿ. ಸೇಲಂ (1882–1967) ಬಿಡುಗಡೆ ಪಡೆದ ಗುಲಾಮರ ವಂಶದವರು. ಧರ್ಮ ಅದೇ, ಪ್ರಾರ್ಥನೆ ಅದೇ. ಆದರೂ ಹೊರದೇಶದಿಂದ ಬಂದು ನೆಲೆಸಿದ 'ಪರದೇಶಿ' ಯಹೂದಿಗಳು ಆ ಜನರನ್ನು ಹೊರಕೋಣೆಯಲ್ಲೇ ಕೂರಿಸಿದರು, ಧರ್ಮಗ್ರಂಥವಾದ ತೋರಾ ಓದಲು ಬಿಡಲಿಲ್ಲ. ವಕೀಲರಾದ ಸೇಲಂ ಗಾಂಧಿಯ ದಾರಿ ಹಿಡಿದು ಸತ್ಯಾಗ್ರಹ ಹೂಡಿದರು. ನಿಷೇಧಗಳು ಒಂದೊಂದಾಗಿ ಸಡಿಲಗೊಂಡವು. ಜನ ಅವರನ್ನು 'ಯಹೂದಿ ಗಾಂಧಿ' ಎಂದು ಕರೆದರು.

"ಈಗ ರಸ್ತೆಗೆ ಅವರ ಹೆಸರಿದೆ," ಎಂದು ಹಿರಿಯರು ಮೆಣಸು ಕಟ್ಟಿಕೊಟ್ಟರು.

ಮತ್ತೆ ಟಿಕೆಟ್ ಕೊಂಡೆ. ಆ ಕೋಣೆಯಿಂದ ಒಳಗಿನ ಪ್ರಾರ್ಥನಾ ವೇದಿಕೆಗೆ ನಾಲ್ಕು ಹೆಜ್ಜೆಯ ದಾರಿ ಎನ್ನಿಸಿತು. ದೇಶಾಂತರ ಬಂದವರಿಗೆ ಕೊಚ್ಚಿಯ ಅರಸ ತನ್ನ ಅರಮನೆ, ಗುಡಿಗಳ ಮಗ್ಗುಲಲ್ಲೇ ನೆಲ ಕೊಟ್ಟಿದ್ದ. ಆ ಔದಾರ್ಯವನ್ನು ಉಂಡವರು ತಮ್ಮವರನ್ನೇ ಹೊಸ್ತಿಲಾಚೆ ಕೂರಿಸಿದ್ದು ನನಗೆ ನುಂಗಲಾರದ ಸಂಗತಿ. ಅದು ನಮ್ಮ ಊರುಗಳ ಕಥೆಯೂ ಆದ್ದರಿಂದ ಇನ್ನಷ್ಟು ಚುಚ್ಚಿತು.

ಪೋರ್ಚುಗೀಸರು ಕಟ್ಟಿ, ಡಚ್ಚರು ದುರಸ್ತಿ ಮಾಡಿದ ಅರಮನೆಗೆ ಹೋದಾಗ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಪಲ್ಲಕ್ಕಿ, ಅರಸರ ಭಾವಚಿತ್ರಗಳನ್ನು ಬಿಟ್ಟು ನೇರವಾಗಿ ಶಯನಗೃಹದ ರಾಮಾಯಣ ಭಿತ್ತಿಚಿತ್ರಗಳ ಮುಂದೆ ನಿಂತೆವು. ದಶರಥನ ಯಾಗದಿಂದ ಹಿಡಿದು ಗೋಡೆ ತುಂಬ ಕಥೆ. ಇವುಗಳಿಗೆ ಅರ್ಧ ದಿನವನ್ನಾದರೂ ಮೀಸಲಿಡಬೇಕು.