ಲಿಂಕ್ವಿಟ್ಸ್ ಅವರ ನೆನಪಿನಲ್ಲಿ ಒಂದು ಕ್ರಾಸೋವರ್: ಕೆಲಸದ ದಿನಚರಿ

2018 ಸೆಪ್ಟೆಂಬರ್ 16, ಭಾನುವಾರ

ಸ್ಪೀಕರ್ ವಿನ್ಯಾಸಕ್ಕೆ ಹೆಸರಾದ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್ವಿಟ್ಸ್ ಅವರು ಇದೇ ತಿಂಗಳ 11ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಅವರಿಗೆ 82 ವರ್ಷವಾಗಿತ್ತು. ಸುದ್ದಿ ಓದಿದಾಗ ನನ್ನ ಮೇಜಿನ ಮೇಲೆ ಪ್ಲೈವುಡ್ಡಿನ ಎರಡು ಸ್ಪೀಕರ್ ಪೆಟ್ಟಿಗೆಗಳು ಅರ್ಧ ಮುಗಿದಿದ್ದವು. ತಗ್ಗಿನ ಸ್ವರಗಳಿಗೆ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಒಂದು ಇಂಚಿನ ಗುಮ್ಮಟದ ಟ್ವೀಟರ್, ಇವೆರಡರ ನಡುವೆ ಸಂಗೀತವನ್ನು ಹಂಚಲು ಕಾಯಿಲು ಮತ್ತು ಕೆಪಾಸಿಟರುಗಳ ಸಾಮಾನ್ಯ ಕ್ರಾಸೋವರ್, ಇಷ್ಟೇ ನನ್ನ ಮೂಲ ಯೋಜನೆಯಾಗಿತ್ತು. ಆ ಸಂಜೆ ಯೋಜನೆಯನ್ನು ಬದಲಿಸಿದೆ. ಇಷ್ಟು ವರ್ಷ ಅವರ ಬರಹಗಳಿಂದ ಕಲಿತದ್ದನ್ನು ಒಮ್ಮೆಯಾದರೂ ಮೊದಲಿನಿಂದ ಕೊನೆಯವರೆಗೆ ನನ್ನ ಕೈಯಿಂದಲೇ ಮಾಡಿ ನೋಡಬೇಕೆನ್ನಿಸಿತು. ಆದ್ದರಿಂದ ಈ ಪೆಟ್ಟಿಗೆಗಳಿಗೆ ಅವರ ಮತ್ತು ಅವರ ಸಹೋದ್ಯೋಗಿ ರಸ್ ರೈಲಿ ಅವರ ಹೆಸರಿನ ಆಕ್ಟಿವ್ ಕ್ರಾಸೋವರನ್ನು, ಅಂದರೆ ಆಂಪ್ಲಿಫೈಯರಿಗೆ ಮೊದಲೇ ಸಂಗೀತವನ್ನು ಹಂಚುವ ಸರ್ಕಿಟನ್ನು, ಆಪ್-ಆಂಪ್ ಎಂಬ ಪುಟ್ಟ ಐಸಿಗಳಿಂದ ಕಟ್ಟುತ್ತೇನೆ. ಕಂಪ್ಯೂಟರಿನಲ್ಲೋ ಡಿಎಸ್‌ಪಿ ಎಂಬ ಡಿಜಿಟಲ್ ಚಿಪ್ಪಿನಲ್ಲೋ ನಾಲ್ಕು ಗುಂಡಿ ಒತ್ತಿದರೆ ಇದೇ ಫಿಲ್ಟರ್ ಸಿಗುತ್ತದೆಂಬುದು ನನಗೆ ಗೊತ್ತು. ಆದರೆ ಒಂದೊಂದು ರೆಸಿಸ್ಟರ್ ಏನು ಮಾಡುತ್ತದೆಂದು ತಿಳಿಯಲು ಅದನ್ನು ಬೆಸುಗೆ ಹಾಕಿ ನೋಡುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಲಿಂಕ್ವಿಟ್ಸ್ 1935ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಡಾರ್ಮ್‌ಸ್ಟಾಟ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, 1961ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಹ್ಯೂಲೆಟ್-ಪ್ಯಾಕರ್ಡ್ ಸೇರಿದವರು. ಅಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ರೇಡಿಯೊ ಮತ್ತು ಮೈಕ್ರೋವೇವ್ ಆವರ್ತನಗಳನ್ನು ಅಳೆಯುವ ಉಪಕರಣಗಳ ವಿನ್ಯಾಸದಲ್ಲಿ ತೊಡಗಿದ್ದರು. ಸ್ಪೀಕರ್ ಅವರ ಹೊಟ್ಟೆಪಾಡಾಗಿರಲಿಲ್ಲ, ಕಚೇರಿ ಮುಗಿದ ಮೇಲಿನ ಆಸಕ್ತಿಯಾಗಿತ್ತು. ಅಳತೆಯ ಶಿಸ್ತನ್ನು ವೃತ್ತಿಯಿಂದಲೂ ಕೇಳುವ ಹಂಬಲವನ್ನು ಮನೆಯಿಂದಲೂ ತಂದು ಕೂಡಿಸಿದ್ದರಿಂದಲೇ ಅವರ ಮಾತಿಗೆ ಅಷ್ಟು ತೂಕ ಬಂದಿತೆಂದು ನಾನು ನಂಬಿದ್ದೇನೆ.

1976ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಪ್ರಸಿದ್ಧ ಲೇಖನ ಬಂದಿತು. ಒಂದೇ ಜಾಗದಲ್ಲಿರದ ಡ್ರೈವರುಗಳಿಗೆ, ಅಂದರೆ ಧ್ವನಿ ಹೊರಡಿಸುವ ವೂಫರ್ ಟ್ವೀಟರುಗಳಿಗೆ, ಆಕ್ಟಿವ್ ಕ್ರಾಸೋವರ್ ಹೇಗಿರಬೇಕೆಂಬುದು ಅದರ ವಿಷಯ. ಈ "ಒಂದೇ ಜಾಗದಲ್ಲಿರದ" ಎಂಬ ಮಾತಿನಲ್ಲೇ ಎಲ್ಲವೂ ಇದೆ. ಸಂಗೀತದ ಕೆಳಭಾಗವನ್ನು ವೂಫರಿಗೂ ಮೇಲ್ಭಾಗವನ್ನು ಟ್ವೀಟರಿಗೂ ಹಂಚುವ ಗಡಿಯಲ್ಲಿ ಒಂದೇ ಸ್ವರವನ್ನು ಎರಡೂ ಕೂಡಿ ನುಡಿಯುತ್ತಿರುತ್ತವೆ. ಆದರೆ ಅವು ಒಂದರ ಮೇಲೊಂದು ಕೂತಿರುವುದರಿಂದ, ಕೇಳುವವರು ಸ್ವಲ್ಪ ಎದ್ದರೂ ಬಗ್ಗಿದರೂ ಎರಡರಿಂದ ಕಿವಿಗೆ ಬರುವ ದಾರಿಯ ಉದ್ದ ಬೇರೆಬೇರೆಯಾಗುತ್ತದೆ. ಆಗ ಬಳಕೆಯಲ್ಲಿದ್ದ ಮೂರನೆಯ ದರ್ಜೆಯ ಬಟರ್‌ವರ್ತ್ ಎಂಬ ಬಗೆಯ ಫಿಲ್ಟರುಗಳಲ್ಲಿ (ದರ್ಜೆ ಹೆಚ್ಚಿದಷ್ಟೂ ಇಳಿಕೆ ಕಡಿದು) ವೂಫರಿಗೂ ಟ್ವೀಟರಿಗೂ 90 ಡಿಗ್ರಿಯ ಫೇಸ್ ಅಂತರ, ಅಂದರೆ ಅಲೆಯ ಒಂದು ಸುತ್ತಿನ ಕಾಲು ಭಾಗದಷ್ಟು ಹಿಂದೆಮುಂದೆ, ಉಳಿಯುತ್ತದೆ. ನೇರ ಎದುರಿನಲ್ಲಿ ಅಳೆದರೆ ಎಲ್ಲವೂ ಸಮವೆಂದು ಕಾಣುತ್ತದಾದರೂ, ನಿಜವಾದ ಜೋರು ಎದುರಿನಿಂದ ಸರಿದು ಮೇಲಕ್ಕೋ ಕೆಳಕ್ಕೋ ವಾಲಿರುತ್ತದೆ. ನನ್ನ ಪೆಟ್ಟಿಗೆಯಲ್ಲಿ ಡ್ರೈವರುಗಳ ಕೇಂದ್ರಗಳ ಅಂತರ 15 ಸೆಂಟಿಮೀಟರ್. ಸುಮಾರು 2,000 ಹರ್ಟ್ಸ್‌ನಲ್ಲಿ ಗಡಿ ಹಾಕಿದರೆ ಆ ವಾಲು ಹತ್ತಿರಹತ್ತಿರ 17 ಡಿಗ್ರಿಯಾಗುತ್ತದೆ, ಅಲ್ಲಿ ಧ್ವನಿ 3 ಡೆಸಿಬೆಲ್ ಹೆಚ್ಚಿರುತ್ತದೆ. ಕೂತವರಿಗೆ ಒಂದು ಸಂಗೀತ, ನಿಂತವರಿಗೆ ಇನ್ನೊಂದು.

ಲಿಂಕ್ವಿಟ್ಸ್-ರೈಲಿ ಫಿಲ್ಟರಿನಲ್ಲಿ ಎರಡನೆಯ ದರ್ಜೆಯ ಎರಡು ಬಟರ್‌ವರ್ತ್ ಹಂತಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತಾರೆ. ಗಡಿಯ ಆವರ್ತನದಲ್ಲಿ ಪ್ರತಿ ಡ್ರೈವರೂ 6 ಡೆಸಿಬೆಲ್ ಇಳಿದಿರುತ್ತದೆ, ಅಂದರೆ ಸರಿಯಾಗಿ ಅರ್ಧ. ಎರಡರ ಫೇಸ್ ಎಲ್ಲ ಆವರ್ತನಗಳಲ್ಲೂ ಒಂದೇ ಆಗಿರುವುದರಿಂದ ಅರ್ಧಕ್ಕೆ ಅರ್ಧ ಸೇರಿ ಒಂದಾಗುತ್ತದೆ, ಜೋರು ಎದುರಿನಲ್ಲೇ ನಿಲ್ಲುತ್ತದೆ. ಎರಡು ತಂಬೂರಿಗಳನ್ನು ಶ್ರುತಿ ಸೇರಿಸಿದಾಗ ಯಾವುದು ಯಾವುದರ ನಾದವೆಂದು ಬೇರ್ಪಡಿಸಲಾಗದ ಹಾಗೆ.

ಇಂದು ಮಾಡಿದ ಕೆಲಸ ಕಡಿಮೆ. ಬೀದಿಯಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾ ನಡೆಯುತ್ತಿರುವುದರಿಂದ ಅಳತೆ ಅಸಾಧ್ಯವಾಗಿತ್ತು. ಮುಂಭಾಗದ ಹಲಗೆಗೆ ಮರಳು ಕಾಗದ ಉಜ್ಜಿ ಮುಗಿಸಿದೆ.

2018 ಸೆಪ್ಟೆಂಬರ್ 30, ಭಾನುವಾರ

ಲೆಕ್ಕ ಹಾಕುತ್ತ ಕೂತಾಗ ಸಿಕ್ಕ ಒಂದು ಸೊಗಸನ್ನು ಇಲ್ಲಿ ಬರೆದಿಡಲೇಬೇಕು. ಕೆಳಭಾಗದ ಫಿಲ್ಟರಿಗೆ ಸಮನಾದ ಎರಡು ರೆಸಿಸ್ಟರುಗಳು ಮತ್ತು ಒಂದಕ್ಕೆ ಎರಡರ ಅನುಪಾತದ ಕೆಪಾಸಿಟರುಗಳು ಬೇಕು. ಮೇಲ್ಭಾಗದ ಫಿಲ್ಟರಿಗೆ ಇದು ತಿರುಗುಮುರುಗಾಗಿ, ಕೆಪಾಸಿಟರುಗಳು ಸಮ, ರೆಸಿಸ್ಟರುಗಳು ಒಂದಕ್ಕೆ ಎರಡು. 10 ನ್ಯಾನೋಫ್ಯಾರಡ್ ಕೆಪಾಸಿಟರ್ ಮತ್ತು 5.6 ಕಿಲೋಓಮ್ ರೆಸಿಸ್ಟರ್ ಹಿಡಿದರೆ ಗಡಿ 2,010 ಹರ್ಟ್ಸ್‌ಗೆ ಬರುತ್ತದೆ. ಎರಡು ಪಟ್ಟು ಬೇಕಾದಲ್ಲಿ ಅದೇ ಕೆಪಾಸಿಟರುಗಳೆರಡನ್ನು ಪ್ಯಾರಲಲ್ಲಾಗಿ, ಅದೇ ರೆಸಿಸ್ಟರುಗಳೆರಡನ್ನು ಸೀರೀಸಿನಲ್ಲಿ ಹಾಕಿದರಾಯಿತು. ಒಂದು ಚಾನೆಲ್ಲಿನ ಫಿಲ್ಟರುಗಳಿಗೆ ಒಟ್ಟು 10 ರೆಸಿಸ್ಟರ್, 10 ಕೆಪಾಸಿಟರ್. ಎರಡು ಚಾನೆಲ್ಲಿಗೆ ಇಪ್ಪತ್ತು ಇಪ್ಪತ್ತು. ಇಡೀ ಕ್ರಾಸೋವರಿನ ಹೃದಯದಲ್ಲಿ ಎರಡೇ ಎರಡು ಮೌಲ್ಯಗಳು.

ಬೆಂಗಳೂರಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಹೋಗಿ ಫಿಲ್ಮ್ ಕೆಪಾಸಿಟರುಗಳನ್ನು 40 ತಂದೆ. ಅವುಗಳನ್ನು ಒಂದೊಂದಾಗಿ ಮೀಟರಿನಲ್ಲಿ ಅಳೆದು, ಮೌಲ್ಯವನ್ನು ಚೀಟಿಯಲ್ಲಿ ಬರೆದು, ಊಟದ ಮೇಜಿನ ಮೇಲೆ ಸಾಲಾಗಿ ಹರಡಿ, ಒಂದಕ್ಕೊಂದು ತೀರ ಹತ್ತಿರವಿದ್ದ ಇಪ್ಪತ್ತನ್ನು ಆರಿಸಿಕೊಂಡೆ. ಇದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ರೆಸಿಸ್ಟರುಗಳು ಶೇಕಡಾ 1ರ ಮೆಟಲ್ ಫಿಲ್ಮ್ ಆದ್ದರಿಂದ ಅಷ್ಟು ಶ್ರಮ ಬೇಕಾಗಲಿಲ್ಲ. ಆಪ್-ಆಂಪ್ ಎನ್‌ಇ5532. ಒಂದು ಐಸಿಯಲ್ಲಿ ಎರಡು ಇರುತ್ತವೆ. ಪ್ರತಿ ಚಾನೆಲ್ಲಿಗೆ ನಾಲ್ಕು ಫಿಲ್ಟರ್ ಹಂತ ಮತ್ತು ಒಂದು ಇನ್‌ಪುಟ್ ಬಫರ್ ಸೇರಿ ಐದು ಬೇಕು. ಹಾಗಾಗಿ ಮೂರು ಐಸಿ ಹಾಕಿ ಮೂರನೆಯದರ ಅರ್ಧವನ್ನು ಖಾಲಿ ಬಿಟ್ಟಿದ್ದೇನೆ.

2018 ಅಕ್ಟೋಬರ್ 14, ಭಾನುವಾರ

ಬಲಗಡೆಯ ಚಾನೆಲ್ ಸಿದ್ಧವಾಯಿತು. ಎರಡು ಡ್ರೈವರುಗಳಿಗೆ ಎರಡು ಬೇರೆ ಆಂಪ್ಲಿಫೈಯರ್ ಕೊಟ್ಟು, ರಾತ್ರಿ ಹನ್ನೊಂದರ ಮೇಲೆ ಪೆಟ್ಟಿಗೆಯನ್ನು ಟೆರೇಸಿಗೆ ಹೊತ್ತೊಯ್ದು, ಮೇಜಿನ ಮೇಲೆ ಸ್ಟೂಲಿಟ್ಟು 2 ಮೀಟರ್ ಎತ್ತರಕ್ಕೇರಿಸಿ, 1 ಮೀಟರ್ ದೂರದಲ್ಲಿ ಮೈಕ್ ನಿಲ್ಲಿಸಿದೆ. ಇಷ್ಟು ಎತ್ತರವಿದ್ದರೆ ನೆಲದಿಂದ ಮರಳುವ ಧ್ವನಿ ನೇರ ಧ್ವನಿಗಿಂತ 9 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅದರೊಳಗಿನದನ್ನಷ್ಟೇ ಕತ್ತರಿಸಿ ತೆಗೆದುಕೊಂಡರೆ ಕೋಣೆಯ ಹಂಗಿಲ್ಲದ ಅಳತೆ ಸಿಗುತ್ತದೆ.

ಫಲಿತಾಂಶದಿಂದ ಬೇಸರವಾಯಿತು. ಗಡಿಯಲ್ಲಿ ಸಮತಟ್ಟಾಗಿರಬೇಕಾದ ಗೆರೆ 3 ಡೆಸಿಬೆಲ್ ಕುಸಿದಿತ್ತು. ಇಂಥಲ್ಲಿ ಮಾಡಬೇಕಾದ ಪರೀಕ್ಷೆ ಸರಳ. ಟ್ವೀಟರಿನ ತಂತಿಗಳನ್ನು ಅದಲುಬದಲು ಮಾಡಬೇಕು. ಫೇಸ್ ನಿಜವಾಗಿಯೂ ಒಂದಾಗಿದ್ದರೆ, ತಿರುಗಿಸಿದಾಗ ಒಂದು ಇನ್ನೊಂದನ್ನು ಪೂರ್ತಿ ಅಳಿಸಿ, ಗಡಿಯ ಆವರ್ತನದಲ್ಲಿ ಬಾವಿಯಂಥ ಆಳವಾದ ಕುಳಿ ಬೀಳಬೇಕು. ನನಗೆ ತಿರುಗಿಸಿದಾಗಲೂ ಅದೇ 3 ಡೆಸಿಬೆಲ್ ಕುಸಿತ ಕಂಡಿತು. ನೇರ ಹಾಕಿದರೂ ತಿರುಗಿಸಿ ಹಾಕಿದರೂ ಒಂದೇ ಎಂದರೆ ಎರಡರ ನಡುವೆ ಸುಮಾರು 90 ಡಿಗ್ರಿ ಅಂತರವಿದೆಯೆಂದೇ ಅರ್ಥ. ಯಾವುದನ್ನು ತಪ್ಪಿಸಲು ಇಷ್ಟೆಲ್ಲ ಮಾಡಿದೆನೋ ಅದೇ ಎದುರಿಗೆ ನಿಂತಿತ್ತು.

ಫಿಲ್ಟರಿನಲ್ಲಿ ತಪ್ಪಿರಲಿಲ್ಲ. ಆಸಿಲೋಸ್ಕೋಪಿನಲ್ಲಿ ಎರಡೂ ಔಟ್‌ಪುಟ್‌ಗಳು ಒಂದರ ಮೇಲೊಂದು ಕೂರುತ್ತಿದ್ದವು. ತಪ್ಪಿದ್ದುದು ನನ್ನ ತಿಳಿವಳಿಕೆಯಲ್ಲಿ. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಫೇಸ್ ಒಂದಾದರೆ ಸಾಲದು, ಗಾಳಿಯಲ್ಲಿ ಬಂದು ಸೇರುವ ಧ್ವನಿಯ ಫೇಸ್ ಒಂದಾಗಬೇಕೆಂದು ಲಿಂಕ್ವಿಟ್ಸ್ ಮತ್ತೆ ಮತ್ತೆ ಬರೆದಿದ್ದರು. ಓದಿದ್ದೆ, ಆದರೆ ಮನಸ್ಸಿಗೆ ಇಳಿದಿರಲಿಲ್ಲ.

ಇದೇ ವಾರ ಆಯುಧಪೂಜೆ. ಬೆಸುಗೆ ಹಾಕುವ ಐರನ್, ಮೀಟರ್, ಮೈಕ್ ಎಲ್ಲವನ್ನೂ ಒರೆಸಿ ಪೂಜೆಗೆ ಇಡುವವನಿದ್ದೇನೆ. ಅಲ್ಲಿಯವರೆಗೆ ಕಾಗದದ ಮೇಲೆ ಯೋಚಿಸುತ್ತೇನೆ.

2018 ಅಕ್ಟೋಬರ್ 28, ಭಾನುವಾರ

ಕಾರಣ ಎರಡು. ವೂಫರಿನ ಶಂಕು ಒಳಕ್ಕೆ ಇಳಿದಿರುವುದರಿಂದ ಅದರ ಧ್ವನಿ ಹುಟ್ಟುವ ಜಾಗ ಟ್ವೀಟರಿನದಕ್ಕಿಂತ ಸುಮಾರು 2.5 ಸೆಂಟಿಮೀಟರ್ ಹಿಂದಿದೆ. ಗಡಿಯ ಆವರ್ತನದ ತರಂಗಾಂತರ 17 ಸೆಂಟಿಮೀಟರ್ ಆದ್ದರಿಂದ ಇಷ್ಟು ಹಿಂದಿದ್ದರೂ 53 ಡಿಗ್ರಿ ಹೋಗುತ್ತದೆ. ಇದಕ್ಕೆ ಪರಿಹಾರ ಆಲ್-ಪಾಸ್ ಹಂತ. ಅದು ಯಾವ ಆವರ್ತನದ ಜೋರನ್ನೂ ಬದಲಿಸದೆ ಕಾಲವನ್ನು ಮಾತ್ರ ಸ್ವಲ್ಪ ತಡ ಮಾಡುತ್ತದೆ. ಟ್ವೀಟರಿನ ದಾರಿಯಲ್ಲಿ ಅಂಥದೊಂದನ್ನು ಹಾಕಬೇಕು. ಅದಕ್ಕೆ ಬೇಕಾದ ಒಂದು ಆಪ್-ಆಂಪ್ ಮೂರನೆಯ ಐಸಿಯಲ್ಲಿ ಖಾಲಿ ಉಳಿದಿದ್ದ ಅರ್ಧದಲ್ಲೇ ಸಿಕ್ಕಿತು. ಬೋರ್ಡಿನ ಆ ಮೂಲೆಯನ್ನು ನೋಡಿದಾಗ ಆದ ಸಂತೋಷವನ್ನು ಈ ಕೆಲಸ ಮಾಡುವವರು ಬಲ್ಲರು.

ಲೆಕ್ಕದ ಪ್ರಕಾರ 3.9 ಕಿಲೋಓಮ್ ಮತ್ತು 10 ನ್ಯಾನೋಫ್ಯಾರಡ್ ಸಾಕಿತ್ತು. ಹಾಕಿ ಅಳೆದೆ. ತಿರುಗಿಸಿದಾಗಿನ ಕುಳಿ 9 ಡೆಸಿಬೆಲ್‌ಗೆ ಇಳಿಯಿತು, ಅಷ್ಟೇ. ಎರಡನೆಯ ಕಾರಣ ಆಗ ಹೊಳೆಯಿತು. ಟ್ವೀಟರ್ ತನ್ನಷ್ಟಕ್ಕೆ ತಾನೇ ಕೆಳಗಿನ ಆವರ್ತನಗಳಲ್ಲಿ ಇಳಿಯುತ್ತದೆ, ವೂಫರ್ ಮೇಲಿನ ಆವರ್ತನಗಳಲ್ಲಿ ಇಳಿಯುತ್ತದೆ. ಆ ಇಳಿಕೆಗಳೂ ಫಿಲ್ಟರುಗಳೇ, ಅವೂ ಫೇಸನ್ನು ತಿರುಗಿಸುತ್ತವೆ. ರೆಸಿಸ್ಟರಿನ ಜಾಗದಲ್ಲಿ ತಿರುಗಿಸಿ ಹೊಂದಿಸಬಹುದಾದ ರೆಸಿಸ್ಟರಾದ ಪ್ರೀಸೆಟ್ ಒಂದನ್ನು ಕೂರಿಸಿ, ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ, ಪ್ರತಿ ಸಲವೂ ಅಳೆದು ನೋಡುತ್ತ ಹೋದೆ. 5, 6, 7 ಕಿಲೋಓಮ್ ದಾಟುತ್ತಿದ್ದಂತೆ ಪರದೆಯ ಮೇಲಿನ ಗೆರೆ ನಡುವೆ ಕುಗ್ಗುತ್ತ, ಚೂಪಾಗುತ್ತ ಬಂದು, 8.2ರ ಹತ್ತಿರ ಒಮ್ಮೆಗೇ 30 ಡೆಸಿಬೆಲ್ ಆಳಕ್ಕೆ ಬಿದ್ದಿತು. ಗಂಟೆ ರಾತ್ರಿ ಒಂದೂವರೆ. ತಂತಿಗಳನ್ನು ಮತ್ತೆ ಸರಿಯಾಗಿ ಹಾಕಿ ಅಳೆದರೆ ಕುಸಿತದ ಗುರುತೂ ಇರಲಿಲ್ಲ.

ಆಮೇಲೆ ಪೆಟ್ಟಿಗೆಯನ್ನು ಹಿಂದೆ ಮುಂದೆ ವಾಲಿಸಿಯೂ ಅಳೆದೆ. ಮೇಲಕ್ಕೆ 35 ಡಿಗ್ರಿ, ಕೆಳಕ್ಕೆ 35 ಡಿಗ್ರಿಯಲ್ಲಿ ಎರಡೂ ಒಂದನ್ನೊಂದು ಅಳಿಸುತ್ತವೆ. 15 ಸೆಂಟಿಮೀಟರ್ ಅಂತರಕ್ಕೆ ಲೆಕ್ಕ ಹೇಳುವುದೂ ಅದನ್ನೇ. ಆದರೆ ಎರಡೂ ಕಡೆ ಸಮನಾಗಿವೆ, ನಡುವಿನ ಜೋರು ನೇರ ಎದುರಿಗಿದೆ.

2018 ನವೆಂಬರ್ 18, ಭಾನುವಾರ

ದೀಪಾವಳಿಯ ಪಟಾಕಿಯಿಂದಾಗಿ ಎರಡು ವಾರ ಅಳತೆ ನಿಂತಿತ್ತು. ಆ ಅವಧಿಯಲ್ಲಿ ವೂಫರಿಗೆ ಲಿಂಕ್ವಿಟ್ಸ್ ಟ್ರಾನ್ಸ್‌ಫಾರ್ಮ್ ಕಟ್ಟಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ವೂಫರ್ ಎಲ್ಲಿಂದ ಇಳಿಯತೊಡಗುತ್ತದೋ ಆ ಜಾಗವನ್ನೇ ಕೆಳಕ್ಕೆ ಸರಿಸುವ ಸರ್ಕಿಟ್ ಇದು. ನಾನು 70 ಹರ್ಟ್ಸ್‌ನಿಂದ 45ಕ್ಕೆ ತಂದಿದ್ದೇನೆ. ಇದು ಬಿಟ್ಟಿ ಸಿಗುವುದಿಲ್ಲ. ತೀರ ಕೆಳಗೆ 7.7 ಡೆಸಿಬೆಲ್ ಹೆಚ್ಚುವರಿ ಬೇಕು, ಅಂದರೆ ಆಂಪ್ಲಿಫೈಯರಿನಿಂದ ಹೆಚ್ಚುಕಡಿಮೆ ಆರು ಪಟ್ಟು ಶಕ್ತಿ. ಇನ್ನೂ ಕೆಳಕ್ಕೆ ಹೋಗುವ ಆಸೆಯಿತ್ತಾದರೂ ಆರೂವರೆ ಇಂಚಿನ ವೂಫರಿಗೆ ಅದು ಹೊರೆಯಾಗುತ್ತದೆ.

ಕೇಳಿ ನೋಡುವುದಕ್ಕೆ ಏನನ್ನು ಮಾನದಂಡವಾಗಿ ಇಟ್ಟುಕೊಳ್ಳಬೇಕೆಂಬುದರಲ್ಲಿಯೂ ಅವರನ್ನೇ ಅನುಸರಿಸಿದೆ. ಮೈಕು ಆಂಪ್ಲಿಫೈಯರುಗಳಿಲ್ಲದ ನೇರ ಸಂಗೀತವೇ ಅವರಿಗೆ ಪ್ರಮಾಣವಾಗಿತ್ತು. ತಮ್ಮ ಕಿವಿಗಳ ಬಳಿಯೇ ಪುಟ್ಟ ಮೈಕುಗಳನ್ನು ಸಿಕ್ಕಿಸಿಕೊಂಡು ಧ್ವನಿಮುದ್ರಣ ಮಾಡಿ, ಆಮೇಲೆ ಅದನ್ನು ನೆನಪಿನೊಂದಿಗೆ ಹೋಲಿಸಿ ನೋಡುತ್ತಿದ್ದರು. ಬಸವನಗುಡಿಯಲ್ಲಿರುವ ನನ್ನ ಅತ್ತಿಗೆ ದಿನವೂ ಬೆಳಿಗ್ಗೆ ವೀಣೆ ಅಭ್ಯಾಸ ಮಾಡುತ್ತಾರೆ. ಎರಡು ಪುಟ್ಟ ಮೈಕುಗಳನ್ನು ಕನ್ನಡಕದ ಕಡ್ಡಿಗಳಿಗೆ ಕಟ್ಟಿಕೊಂಡು, ಅವರೆದುರು ಎರಡು ಮೀಟರ್ ದೂರದಲ್ಲಿ ಚಾಪೆಯ ಮೇಲೆ ಅಲುಗದೆ ಕೂತು, ಇಪ್ಪತ್ತು ನಿಮಿಷ ತೋಡಿಯ ಆಲಾಪನೆಯನ್ನು ಮುದ್ರಿಸಿಕೊಂಡೆ.

ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಮೀಟರ್ ಈಚೆಗೆ ಎಳೆದು ನಿಲ್ಲಿಸಿದ್ದೇನೆ. ಗೋಡೆಗೆ ಬಡಿದು ಮರಳುವ ಧ್ವನಿ ಆಗ ಸುಮಾರು 6 ಮಿಲಿಸೆಕೆಂಡ್ ತಡವಾಗುತ್ತದೆ. ಅದರ ಬಣ್ಣವೂ ನೇರ ಧ್ವನಿಯಂತೆಯೇ ಇದ್ದರೆ ಕೋಣೆಯನ್ನು ನಮ್ಮ ಮೆದುಳು ಗಮನದಿಂದ ಬಿಟ್ಟುಬಿಡುತ್ತದೆಂದು ಅವರು ವಾದಿಸುತ್ತಿದ್ದರು. ಓರಿಯನ್, ಎಲ್‌ಎಕ್ಸ್521ನಂಥ ಅವರ ನಂತರದ ಸ್ಪೀಕರುಗಳಲ್ಲಿ ಡ್ರೈವರುಗಳನ್ನು ತೆರೆದ ಹಲಗೆಗೆ ಕೂರಿಸಿ, ಮುಂದಕ್ಕೂ ಹಿಂದಕ್ಕೂ ಧ್ವನಿ ಹೋಗುವಂತೆ ಮಾಡಿದ್ದುದರ ಹಿಂದೆಯೂ ಇದೇ ಯೋಚನೆಯಿತ್ತು. ಎಲ್‌ಎಕ್ಸ್‌ಮಿನಿಯನ್ನಂತೂ ಪ್ಲಾಸ್ಟಿಕ್ ಕೊಳವೆಗಳಿಂದಲೇ ಕಟ್ಟುವಂತೆ ರೂಪಿಸಿದರು. ನನ್ನದು ಮುಚ್ಚಿದ ಪೆಟ್ಟಿಗೆ. ಆ ಮಟ್ಟದ ಮಾತನ್ನು ಇದರ ಬಗ್ಗೆ ಆಡಲಾರೆ.

ಇಂದು ಮಧ್ಯಾಹ್ನ ಅತ್ತಿಗೆ ಬಂದಿದ್ದರು. ಮೊದಲು ಆಲ್-ಪಾಸ್ ತೆಗೆದು ಕೇಳಿಸಿದೆ, ಆಮೇಲೆ ಸೇರಿಸಿ ಕೇಳಿಸಿದೆ. ಏನು ಬದಲಿಸಿದೆನೆಂದು ಹೇಳಲಿಲ್ಲ. ಮೊದಲನೆಯದರಲ್ಲಿ ಮೀಟಿನ ಉಗುರಿನ ಸದ್ದು ಒಂದು ಕಡೆ, ತಂತಿಯ ನಾದ ಇನ್ನೊಂದು ಕಡೆ ಇದ್ದಂತಿದೆಯೆಂದರು. ಎರಡನೆಯದನ್ನು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, "ಈಗ ವೀಣೆ ಪೆಟ್ಟಿಗೆ ಬಿಟ್ಟು ಈಚೆಗೆ ಬಂದು ಕೂತಿದೆ ನೋಡು, ಗಾಂಧಾರ ಅಲುಗೋದು ನನ್ನ ಬೆರಳಿಗೇ ಗೊತ್ತಾಗ್ತಿದೆ" ಎಂದರು. ವೀಣೆಯ ಅತಿ ತಗ್ಗಿನದಾದ ಅನುಮಂದ್ರದ ತಂತಿ ಮಾತ್ರ ಇನ್ನೂ ಸ್ವಲ್ಪ ದಪ್ಪವಾಗಿ ಕೇಳುತ್ತದೆಂದರು. ನನಗೂ ಹಾಗೆಯೇ ಅನ್ನಿಸಿದೆ. ಕಾರಣ ಟ್ರಾನ್ಸ್‌ಫಾರ್ಮಿನದೋ ಕೋಣೆಯದೋ ಎಂಬುದನ್ನು ಪೆಟ್ಟಿಗೆಯನ್ನು ಮತ್ತೊಮ್ಮೆ ಟೆರೇಸಿಗೆ ಒಯ್ದು ನೋಡಬೇಕು.

ಎಡಗಡೆಯ ಬೋರ್ಡಿನಲ್ಲಿ ಪ್ರೀಸೆಟ್ ತೆಗೆದು 8.2 ಕಿಲೋಓಮಿನ ಖಾಯಂ ರೆಸಿಸ್ಟರ್ ಹಾಕುವುದು ಬಾಕಿಯಿದೆ. ಸರ್ಕಿಟಿನ ನಕ್ಷೆಯನ್ನು ಶಾಯಿಯಲ್ಲಿ ಬರೆದು, ಎಲ್ಲ ಮೌಲ್ಯಗಳನ್ನೂ ಗುರುತಿಸಿ, ಮೇಲೆ ಲಿಂಕ್ವಿಟ್ಸ್ ಮತ್ತು ರೈಲಿ ಎಂದು ಇಬ್ಬರ ಹೆಸರನ್ನೂ ಹಾಕಿ ಬಲಗಡೆಯ ಪೆಟ್ಟಿಗೆಯ ಹಿಂದಿನ ಹಲಗೆಯ ಒಳಮೈಗೆ ಅಂಟಿಸಿದ್ದೇನೆ. ಅಂಟು ಒಣಗಿದ ಮೇಲೆ ನಾಳೆ ಸಂಜೆ ಹಲಗೆಯನ್ನು ಮುಚ್ಚುತ್ತೇನೆ.