ತಂಗೀ, ಪೆನ್ಸಿಲ್ ಒತ್ತಬ್ಯಾಡ

ನಾನು ಕೋರ್ಟಿನಲ್ಲಿ ಸ್ಟೆನೋ, ಅಂದರೆ ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವ ಶೀಘ್ರಲಿಪಿಗಾರ್ತಿ, ಆಗಿ ಕೆಲಸಕ್ಕೆ ಸೇರಿದ ಕಾಲಕ್ಕೆ ಬಾಗಲಕೋಟೆಯ ಕೋರ್ಟುಗಳ ತುಂಬ ಮುಳುಗಡೆಯ ಪ್ರಕರಣಗಳು. ಆಲಮಟ್ಟಿ ಹಿನ್ನೀರಿಗೆ ಹೊಲ ಕಳಕೊಂಡವರು, ಕೊಟ್ಟ ಪರಿಹಾರ ಸಾಲದೆಂದು 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ಬರುತ್ತಿದ್ದರು. ಉತಾರ (ಪಹಣಿ) ಹಿಡಿದ ಅಜ್ಜ ಕಟಕಟೆ ಹತ್ತಿ ಸರ್ವೆ ನಂಬರು, ಎಕರೆ-ಗುಂಟೆ, ಬಾವಿ, ಪೈಪ್‌ಲೈನ್, ಬದುವಿನ ಗಿಡಗಳನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದ. ನ್ಯಾಯಾಧೀಶರು ಅದನ್ನು ಕೇಳಿ ಉಕ್ತಲೇಖನ ಕೊಡುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ದಾಳಿಂಬೆ ಗಿಡ ಇಪ್ಪತ್ತೋ ಎಪ್ಪತ್ತೋ ಅನ್ನುವುದರ ಮೇಲೆ ಒಂದು ಮನೆತನಕ್ಕೆ ಸಿಗುವ ದುಡ್ಡು ನಿಂತಿರುತ್ತದೆ.

ಆ ಎರಡು ಅಂಕಿಗಳ ಬಗ್ಗೆ ನನ್ನನ್ನು ಮೊದಲು ಎಚ್ಚರಿಸಿದವರು ನಾನು ಓದಿದ ಕಾಲೇಜಿನ ವಾಣಿಜ್ಯ ವಿಭಾಗದ ನಮ್ಮ ಗುರುಗಳು. ಶಾರ್ಟ್‌ಹ್ಯಾಂಡ್ ಅವರ ಪಾಠದ ವಿಷಯವಾಗಿರಲಿಲ್ಲ. ತರಗತಿ ಮುಗಿದ ಮೇಲೆ, ಆಸೆಯಿದ್ದವರನ್ನು ಕೂರಿಸಿಕೊಂಡು ಪುಕ್ಕಟೆ ಕಲಿಸುತ್ತಿದ್ದರು. 1837ರಲ್ಲಿ ಐಸಾಕ್ ಪಿಟ್‌ಮನ್ ಪ್ರಕಟಿಸಿದ ಪದ್ಧತಿ ಅದು. ಕಾಗುಣಿತಕ್ಕೆ ಅಲ್ಲಿ ಕೆಲಸವಿಲ್ಲ, ಕಿವಿಗೆ ಬಿದ್ದ ಉಚ್ಚಾರವನ್ನು ಗೆರೆಗೆ ಇಳಿಸಬೇಕು. ತೆಳು ಗೆರೆಗೆ ಒಂದು ಉಚ್ಚಾರ, ಅದೇ ಗೆರೆ ದಪ್ಪವಾದರೆ ಇನ್ನೊಂದು. ನಾನು ಪೆನ್ಸಿಲ್ ಬಿಗಿಹಿಡಿದು ಬರೆಯುವುದನ್ನು ನೋಡಿ ಹಿಂದಿನಿಂದ ಬಂದು ಹೇಳುತ್ತಿದ್ದರು: “ತಂಗೀ, ಪೆನ್ಸಿಲ್ ಒತ್ತಬ್ಯಾಡ. ಒತ್ತಿದೆಂದ್ರ ‘ಪೇ’ ಹೋಗಿ ‘ಬೇ’ ಆಕ್ಕತಿ. ನಾಳೆ ಓದಾಕ ಕುಂತಾಗ ಯಾರನ್ನ ಕೇಳತಿ?”

ಓಟದಲ್ಲಿ ಬರೆಯುವಾಗ ಸ್ವರದ ಚುಕ್ಕೆ, ಅಡ್ಡಗೆರೆಗಳನ್ನು ಬಿಟ್ಟುಬಿಡುತ್ತೇವೆ. ಆಗ ಇಪ್ಪತ್ತೂ ಎಪ್ಪತ್ತೂ ಅವಳಿ ಮಕ್ಕಳಂತೆ ಕಾಣುತ್ತವೆ. ಅದಕ್ಕೇ ಅಂಕಿ ಬಂದರೆ ಅಂಕಿಯನ್ನೇ ಬರೆಯಬೇಕೆಂಬುದು ಅವರ ಕಟ್ಟುನಿಟ್ಟು. ಹಳೆಯ ದಿನಪತ್ರಿಕೆಯಿಂದ ವಿಧಾನಸಭೆಯ ಭಾಷಣಗಳನ್ನು ಗಡಿಯಾರ ನೋಡುತ್ತ ಓದುತ್ತಿದ್ದರು. ನಡುನಡುವೆ ಬೇಕೆಂತಲೇ ಸರ್ವೆ ನಂಬರು, ತಾರೀಖು, ಮೊತ್ತಗಳನ್ನು ತಾವೇ ಸೇರಿಸುತ್ತಿದ್ದರು. ಬರೆದದ್ದನ್ನು ಅದೇ ಸಂಜೆ ಬಿಡಿಸಿ ಬರೆಯಬೇಕು. ಮರುದಿನಕ್ಕೆ ಇಟ್ಟರೆ ಊಹೆಯಿಂದ ಬರೆದಂತಾಗುತ್ತದೆಯೇ ಹೊರತು ಗೆರೆ ಓದಿದಂತಾಗುವುದಿಲ್ಲ ಎನ್ನುತ್ತಿದ್ದರು. ನನ್ನ ಕೈಗೆ ಬಂದ ಅಷ್ಟೂ ವೇಗ ಆ ಸಂಜೆಗಳದ್ದು.

ಈಗಿನ ವಿದ್ಯಾರ್ಥಿಗಳು ಕೇಳುವುದು ಅರ್ಹತೆಯ ವಿಷಯ. ಜಿಲ್ಲಾ ನ್ಯಾಯಾಲಯದ ಶೀಘ್ರಲಿಪಿಗಾರರ ಹುದ್ದೆಗೆ ಪಿಯುಸಿ ಮುಗಿದಿರಬೇಕು. ಜೊತೆಗೆ ಶೀಘ್ರಲಿಪಿ ಮತ್ತು ಬೆರಳಚ್ಚು ಎರಡರಲ್ಲೂ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಭಾಷೆಯಲ್ಲಿ, ಸೀನಿಯರ್ ದರ್ಜೆ ಪಾಸಾಗಿರಬೇಕು. ಅಂದರೆ ಪ್ರಮಾಣಪತ್ರಗಳು ನಾಲ್ಕು. ಪಾಲಿಟೆಕ್ನಿಕ್‌ನಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಮಾಡಿದವರಿಗೂ ದಾರಿಯಿದೆ. ಅರ್ಜಿ ಹಾಕಿದ ಮೇಲೆ ಡಿಕ್ಟೇಶನ್ ಪರೀಕ್ಷೆ, ಅಲ್ಲಿಯೂ ಎರಡೂ ಭಾಷೆ. ನಮ್ಮ ಕಡೆಯ ಮಕ್ಕಳು ಕನ್ನಡದ ಪ್ರಮಾಣಪತ್ರ ಬೇಗ ಪಡೆದು, ಇಂಗ್ಲಿಷಿನದನ್ನು ಮುಂದೆ ನೋಡೋಣ ಎಂದು ಬಿಡುತ್ತಾರೆ. ಹುದ್ದೆ ಕರೆದಾಗ ಅದೇ ಅಡ್ಡಿಯಾಗುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ. ಎರಡನ್ನೂ ಒಟ್ಟಿಗೇ ಶುರು ಮಾಡಿ.

ಅಮೆರಿಕದ ಕೋರ್ಟ್ ರಿಪೋರ್ಟರುಗಳ (ಅಲ್ಲಿನ ಕೋರ್ಟ್ ಸ್ಟೆನೋಗಳ) ವಿಡಿಯೊ ನೋಡಿ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು, ನಮ್ಮಲ್ಲಿ ಯಾಕೆ ಆ ಯಂತ್ರವಿಲ್ಲ ಎಂದು. ಒಳ್ಳೆಯ ಪ್ರಶ್ನೆ. ಅವರ ಸ್ಟೆನೊಟೈಪ್‌ಗೆ ಇರುವುದು 22 ಕೀಲಿ. ಹಲವನ್ನು ಒಟ್ಟಿಗೆ ಒತ್ತಿ ಒಂದು ಉಚ್ಚಾರವನ್ನೋ ಇಡೀ ಪದವನ್ನೋ ಮೂಡಿಸುತ್ತಾರೆ. ಅಲ್ಲಿನ ಕೋರ್ಟ್ ರಿಪೋರ್ಟರುಗಳ ರಾಷ್ಟ್ರೀಯ ಸಂಘದ ಆರ್‌ಪಿಆರ್ (ರಿಜಿಸ್ಟರ್ಡ್ ಪ್ರೊಫೆಶನಲ್ ರಿಪೋರ್ಟರ್) ಪ್ರಮಾಣಪತ್ರ ಬೇಕೆಂದರೆ ಭಾಷಣ ನಿಮಿಷಕ್ಕೆ 180 ಪದ, ಜ್ಯೂರಿಗೆ ನ್ಯಾಯಾಧೀಶರು ಹೇಳುವ ಮಾತು 200, ಸಾಕ್ಷಿಯ ಪ್ರಶ್ನೋತ್ತರ 225. ಮೂರರಲ್ಲೂ ನೂರಕ್ಕೆ 95 ಸರಿಯಿರಬೇಕು. ಅಲ್ಲಿ ವಕೀಲರ ಪ್ರಶ್ನೆ, ಸಾಕ್ಷಿಯ ಉತ್ತರ ಒಂದೂ ಬಿಡದೆ ದಾಖಲಾಗಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಪ್ರಶ್ನೆ ಉತ್ತರ ಎರಡನ್ನೂ ನ್ಯಾಯಾಧೀಶರು ಕೂಡಿಸಿ ಹೇಳಿಕೆಯ ರೂಪದಲ್ಲಿ ಹೇಳಿ ಬರೆಸುತ್ತಾರೆ. ಹಾಗಾಗಿ ಅಷ್ಟು ವೇಗ ಬೇಕಿಲ್ಲ. ಬದಲಿಗೆ ಪಾಟೀಸವಾಲಿನ ಗದ್ದಲದ ನಡುವೆ ಸಾಹೇಬರ ದನಿಯೊಂದನ್ನೇ ಹಿಡಿಯುವ ಕಿವಿ ಬೇಕು, ಕಾನೂನಿನ ಶಬ್ದಗಳ ಪರಿಚಯ ಬೇಕು. ಈಚೆಗೆ ಸಾಕ್ಷಿ ಹೇಳಿಕೆ ನೇರವಾಗಿ ಕಂಪ್ಯೂಟರಿಗೇ ಹೋಗುತ್ತದೆ, ಶಾರ್ಟ್‌ಹ್ಯಾಂಡ್ ಹೆಚ್ಚಾಗಿ ಆದೇಶ, ತೀರ್ಪುಗಳಿಗೆ. ದೊಡ್ಡ ತೀರ್ಪಿನ ಡಿಕ್ಟೇಶನ್ ಗಂಟೆಗಟ್ಟಲೆ ನಡೆದಾಗ ಈ ವಿದ್ಯೆಯ ಬೆಲೆ ತಿಳಿಯುತ್ತದೆ.

ನನಗೆ ಬಹಳ ಮೆಚ್ಚಿನ ಹೊತ್ತು ಡಿಕ್ಟೇಶನ್ ಮುಗಿದ ಮೇಲಿನದು. ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು. ಕ್ರಿಮಿನಲ್ ಪ್ರಕರಣಗಳಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 278ನೇ ಕಲಂ ಹೇಳುತ್ತಿದ್ದುದು ಇದನ್ನೇ, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ಕೊನೆಗೆ ‘ಓ.ಹೇ.ಕೇ. ಸರಿ ಇದೆ’ (ಓದಿ ಹೇಳಿ ಕೇಳಲಾಗಿದೆ, ಸರಿ ಇದೆ) ಎಂದು ಹಾಕಿ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳುತ್ತಾರೆ. ಓದುವಾಗ ಎಷ್ಟೋ ಅಜ್ಜ-ಅಮ್ಮಂದಿರು ನಡುವೆ ತಡೆದು, “ಅಲ್ರೀ, ಬಾವಿ ಮೂಡಣ ದಿಕ್ಕಿಗೈತಿ” ಎಂದಿದ್ದಾರೆ. ಅವರಿಗೆ ಅಷ್ಟು ಧೈರ್ಯ ಬರುವಂತೆ ನಿಧಾನವಾಗಿ, ಬಿಡಿಸಿ ಓದುವುದೂ ಸ್ಟೆನೋನ ಕೆಲಸವೇ. ಇದಕ್ಕೆ ಯಾವ ಪರೀಕ್ಷಾ ಮಂಡಳಿಯೂ ಅಂಕ ಕೊಡುವುದಿಲ್ಲ. ನಮ್ಮ ಗುರುಗಳು ಮಾತ್ರ ಒಬ್ಬರು ಬರೆದದ್ದನ್ನು ಇನ್ನೊಬ್ಬರ ಕೈಲಿ ಗಟ್ಟಿಯಾಗಿ ಓದಿಸಿ ಇದನ್ನೂ ಕಲಿಸಿದ್ದರು.

ಈಗ ನಾನು ನಿವೃತ್ತಳು, ಮನೆ ಬಾಗಲಕೋಟೆಯ ನವನಗರದಲ್ಲೇ. ಶನಿವಾರ ಮಧ್ಯಾಹ್ನ ಒಂದು ಕೋಣೆ ಕೊಟ್ಟರೆ ಎರಡೂ ಭಾಷೆಯಲ್ಲಿ ಡಿಕ್ಟೇಶನ್ ಕೊಡಲು ಸಿದ್ಧಳಿದ್ದೇನೆಂದು ನಮ್ಮ ಕಾಲೇಜಿನ ಪ್ರಾಚಾರ್ಯರಿಗೆ ಪತ್ರ ಬರೆದಿದ್ದೇನೆ. ಬರುವವರು ರೂಲು ಹಾಕಿದ ನೋಟ್‌ಬುಕ್ಕು, ಚೂಪಾಗಿ ಹೆರೆದ ಎರಡು ಪೆನ್ಸಿಲ್ಲು ತರಲಿ.